ಪಾದದಲ್ಲಿ ಒಂದು ಮೂಳೆ ಜಾಸ್ತಿ ಇದೆಯಂತೆ, ಅದನ್ನೂ ತೆಗೆಸಬೇಕಾ?

ಪ್ರಶ್ನೆ: ನನಗೆ 41 ವರ್ಷ. ಹೊಸನಗರ ತಾಲ್ಲೂಕಿನ ಹಳ್ಳಿ, ಅಡಿಕೆ ತೋಟದ ಮನೆ. ಪುಷ್ಯ ಮಳೆ ಜೋರಾಗಿ ಹಿಡಿದಿದ್ದಾಗ ಅಂಗಳದ ಹಾವಸೆ ಮೇಲೆ ಜಾರಿ ಬಿದ್ದೆ. ಬಲಗಾಲು ಒಳಕ್ಕೆ ಮಡಚಿಕೊಂಡಿತು. 12 ದಿನ ಆಯಿತು. ಮೊದಲು ತೋರಿಸಿದಲ್ಲಿ ‘ಎರಡು ಕಡೆ ಮುರಿದಿದೆ, ಹೊರಗೊಂದು ಒಳಗೊಂದು’ ಎಂದು ಅರ್ಧ ಪ್ಲಾಸ್ಟರ್ ಹಾಕಿದರು. ಎರಡನೆಯವರು ‘ಹೊರಗಿನದು ಮಾತ್ರ ಮುರಿದದ್ದು, ಒಳಗಿನದು ಹುಟ್ಟಿನಿಂದ ಇರುವ ಹೆಚ್ಚಿನ ಮೂಳೆ’ ಎಂದರು. ಮೂರನೆಯವರು ‘ಹೇಗೂ ಆಪರೇಷನ್ ಮಾಡೋಣ, ಹೆಚ್ಚಿನ ಮೂಳೆಯನ್ನೂ ಅದರ ಜೊತೆಗೇ ತೆಗೆದುಬಿಡೋಣ’ ಎನ್ನುತ್ತಾರೆ. ಈಗ ಊತ ಇಳಿದಿದೆ, ಆದರೆ ನನಗೆ ಒಳಬದಿಯಲ್ಲೂ ನೋವಿದೆ. ಎಕ್ಸ್‌ರೇ ಫೋಟೋ, ರಿಪೋರ್ಟು ಕಳಿಸಿದ್ದೇನೆ. ಯಾರ ಮಾತು ಕೇಳಲಿ? ಚೌತಿ ಹೊತ್ತಿಗೆ ಅಡುಗೆಮನೆಯಲ್ಲಿ ನಿಲ್ಲಬಹುದಾ? ನನ್ನ 12 ವರ್ಷದ ಮಗಳಿಗೂ ಎರಡೂ ಪಾದದಲ್ಲಿ ಅದೇ ಜಾಗದಲ್ಲಿ ಗುಬುಟು ಇದೆ, ಅವಳಿಗೇನಾದರೂ ಮಾಡಿಸಬೇಕಾ?

ಉತ್ತರ: ಮೊದಲು ಒಂದು ಮಾತು. ಹೆಚ್ಚಿನ ಮೂಳೆ ತೆಗೆಯುವ ಆಪರೇಷನ್ನಿಗೆ ಈಗ ಸಹಿ ಹಾಕಬೇಡಿ. ಅದು ನಿಮ್ಮ ಪಾದದಲ್ಲಿ ಸುಮಾರು ಮೂವತ್ತು ವರ್ಷದಿಂದ ಸುಮ್ನೆ ಕೂತಿದೆ. ಇನ್ನೂ ಆರು ತಿಂಗಳು ಕೂತರೆ ಏನೂ ನಷ್ಟವಿಲ್ಲ. ಈಗ ಗಮನ ಬೇಕಾಗಿರುವುದು ಹೊರಗಿನ ಮುರಿತಕ್ಕೆ, ಮತ್ತೆ ನೀವು ಹೇಳಿದ ಆ ಒಳಬದಿಯ ನೋವಿಗೆ.

ನೀವು ಕಳಿಸಿದ್ದು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಎಕ್ಸ್‌ರೇ ಫೋಟೋ. ಅದರ ಮೇಲೆ ಕೊನೇ ತೀರ್ಮಾನ ಹೇಳುವುದಕ್ಕೆ ಆಗುವುದಿಲ್ಲ. ಕಾಲನ್ನು ಮುಟ್ಟಿ ನೋಡಿದವರ ಮಾತಿಗೇ ತೂಕ ಜಾಸ್ತಿ. ಆದರೂ ಆ ಫೋಟೋದಲ್ಲಿ ಒಂದು ವಿಷಯ ಚೆನ್ನಾಗಿ ಕಾಣುತ್ತದೆ, ಮತ್ತು ನನ್ನ ಅಂದಾಜಿನಲ್ಲಿ ನಿಮ್ಮ ಎರಡನೇ ಡಾಕ್ಟರ್ ಹೇಳಿದ್ದೇ ಸರಿ.

ಮನುಷ್ಯನ ಒಂದು ಪಾದದಲ್ಲಿ 26 ಮೂಳೆ ಎಂದು ಪುಸ್ತಕದಲ್ಲಿ ಇರುತ್ತದೆ. ಆದರೆ ಪಾದಗಳು ಪುಸ್ತಕ ಓದಿರುವುದಿಲ್ಲ. ಮಕ್ಕಳಾಗಿದ್ದಾಗ ಮೂಳೆಯ ಕೆಲವು ತುದಿಗಳು ಮೆದು ಎಲುಬಾಗಿ ಇರುತ್ತವೆ, ಬೆಳೆಯುತ್ತಾ ಗಟ್ಟಿಯಾಗಿ ದೊಡ್ಡ ಮೂಳೆಗೆ ಕೂಡಿಕೊಳ್ಳುತ್ತವೆ. ಕೆಲವರಲ್ಲಿ ಕೂಡಿಕೊಳ್ಳುವುದಿಲ್ಲ. ಆ ಚೂರು ತನ್ನ ಪಾಡಿಗೆ ಬೇರೆ ಮೂಳೆಯಾಗಿ ಉಳಿಯುತ್ತದೆ. ನಿಮ್ಮಲ್ಲಿ ಉಳಿದಿರುವುದು ನ್ಯಾವಿಕ್ಯುಲರ್ ಎಂಬ ಮೂಳೆಯ ಪಕ್ಕದ್ದು. ದೋಣಿಯ ಆಕಾರ ಇರುವುದರಿಂದ ಅದಕ್ಕೆ ಆ ಹೆಸರು. ಪಾದದ ಒಳಬದಿಯಲ್ಲಿ, ಕಮಾನಿನ ನೆತ್ತಿಯ ಹತ್ತಿರ ಇರುತ್ತದೆ. ಅದಕ್ಕೆ ಅಂಟಿಕೊಂಡಿರುವ ಹೆಚ್ಚಿನ ಚೂರಿಗೆ ಅಕ್ಸೆಸರಿ ನ್ಯಾವಿಕ್ಯುಲರ್ ಎನ್ನುತ್ತಾರೆ. ಹೆಚ್ಚುಕಡಿಮೆ ಹತ್ತು ಜನರಲ್ಲಿ ಒಬ್ಬರಿಗೆ ಇರುತ್ತದೆ. ನಿಮ್ಮೂರಿನ ಬಸ್ಸಿನಲ್ಲಿ ಐವತ್ತು ಜನ ಕೂತಿದ್ದರೆ ನಾಲ್ಕೈದು ಜನರ ಚಪ್ಪಲಿಯೊಳಗೆ ಈ ಮೂಳೆ ಇದೆ, ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ.

ಅದರಲ್ಲೂ ಮೂರು ಬಗೆ. ಒಂದು, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ ಒಳಗೆ ಅಕ್ಕಿಕಾಳಿನಷ್ಟು ಚಿಕ್ಕದಾಗಿ ಅಡಗಿರುವುದು. ಎರಡು, ದೊಡ್ಡ ಮೂಳೆಗೆ ತೆಳುವಾದ ಮೆದು ಎಲುಬಿನ ಪಟ್ಟಿಯಿಂದ ಅಂಟಿಕೊಂಡಿರುವುದು. ಮೂರು, ಪೂರ್ತಿ ಕೂಡಿಕೊಂಡು ಕೊಂಬಿನ ಹಾಗೆ ಚಾಚಿರುವುದು. ತರಲೆ ಮಾಡುವುದು ಹೆಚ್ಚಾಗಿ ಎರಡನೇ ಬಗೆ. ನಿಮ್ಮದು ಅದೇ ಇರಬೇಕು. ಆ ಮೆದು ಪಟ್ಟಿ ನಮ್ಮ ಕಥೆಯಲ್ಲಿ ಮತ್ತೆ ಬರುತ್ತದೆ, ನೆನಪಿಡಿ.

ಮುರಿದ ಚೂರು ಯಾವುದು, ಹುಟ್ಟಿನಿಂದ ಬಂದದ್ದು ಯಾವುದು ಎಂದು ಹೇಗೆ ಗೊತ್ತಾಗುತ್ತದೆ? ಅಂಚು ನೋಡಬೇಕು. ಹೊಳೆಯಲ್ಲಿ ಉರುಳಿ ಬಂದ ಕಲ್ಲು ನೋಡಿರುತ್ತೀರಿ, ಸುತ್ತ ನುಣುಪು. ಹೆಚ್ಚಿನ ಮೂಳೆ ಎಕ್ಸ್‌ರೇಯಲ್ಲಿ ಹಾಗೆ ಕಾಣುತ್ತದೆ, ಸುತ್ತಲೂ ಬಿಳಿಯ ತೆಳು ಗೆರೆ ಇರುತ್ತದೆ. ಹೊಸದಾಗಿ ಮುರಿದದ್ದರ ಅಂಚು ಒಡೆದ ಹಪ್ಪಳದ ಹಾಗೆ, ಮುರಿದ ಬದಿಯಲ್ಲಿ ಆ ಬಿಳಿ ಗೆರೆ ಇರುವುದಿಲ್ಲ. ಎರಡು ಚೂರನ್ನು ಮನಸ್ಸಿನಲ್ಲೇ ಜೋಡಿಸಿ ನೋಡಿದರೆ ಒಂದಕ್ಕೊಂದು ಕೂರುತ್ತವೆ. ಹೆಚ್ಚಿನ ಮೂಳೆ ಹಾಗೆ ಸರಿಯಾಗಿ ಕೂರುವುದಿಲ್ಲ. ಇನ್ನೂ ಅನುಮಾನ ಇದ್ದರೆ ಇನ್ನೊಂದು ಪಾದದ ಎಕ್ಸ್‌ರೇ ತೆಗೆಸಬಹುದು, ಈ ಮೂಳೆ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಎರಡೂ ಕಡೆ ಇರುತ್ತದೆ. ಒಂದೇ ಕಡೆ ಇದ್ದ ಮಾತ್ರಕ್ಕೆ ಮುರಿತ ಎಂದೂ ಅಲ್ಲ. ನಿಮ್ಮ ಎಡಪಾದವನ್ನು ನೀವೇ ಮುಟ್ಟಿ ನೋಡಿ, ಮಗಳಿಗೆ ಇರುವಂಥ ಗುಬುಟು ಸಿಗಬಹುದು.

ನಿಮ್ಮ ಮೊದಲ ಡಾಕ್ಟರನ್ನು ಬೈಯಬೇಡಿ. ರಾತ್ರಿ ಹೊತ್ತು, ಊದಿದ ಕಾಲು, ನೋವಿಗೆ ಕಿರುಚುವ ರೋಗಿ ಎದುರಿಗಿದ್ದಾಗ ಈ ತಪ್ಪು ಸುಲಭ. ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಬಡ್ಡಿ ಆಡಿ ಕಾಲು ಉಳುಕಿಸಿಕೊಂಡ ಹುಡುಗನೊಬ್ಬ ಬಂದಿದ್ದ. ಹಿಮ್ಮಡಿಯ ಮೇಲ್ಗಡೆ, ಗಂಟಿನೊಳಗಿನ ಟೇಲಸ್ ಎಂಬ ಮೂಳೆಯ ಹಿಂದೆ ಒಂದು ಚೂರು ಕಂಡಿತು. ಮುರಿತ ಎಂದು ಬರೆದು ಆರು ವಾರ ಪ್ಲಾಸ್ಟರ್ ಹಾಕಿಸಿದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಎಕ್ಸ್‌ರೇ ತೆಗೆದರೆ ಆ ಚೂರು ಎಲ್ಲಿತ್ತೋ ಅಲ್ಲೇ ಇತ್ತು, ಕೂಡಿಕೊಂಡ ಗುರುತೇ ಇಲ್ಲ. ನನ್ನ ಹಿರಿಯರು ಚಿತ್ರ ನೋಡಿ ನಕ್ಕರು, ‘ಆ ಕಾಲಿನದೂ ತೆಗೆಸು’ ಎಂದರು. ಆ ಕಾಲಿನಲ್ಲೂ ಅದೇ ಚೂರು. ಅದಕ್ಕೆ ಓಸ್ ಟ್ರೈಗೋನಮ್ ಎನ್ನುತ್ತಾರೆ. ಹುಡುಗನ ಅರ್ಧ ಸೀಸನ್ ನನ್ನಿಂದ ಹಾಳಾಯಿತು. ಮಜಾ ಏನೆಂದರೆ ಅದೇ ಜಾಗದಲ್ಲಿ ನಿಜವಾದ ಮುರಿತವೂ ಆಗುತ್ತದೆ. ಕೆನಡಾದ ಶೆಫರ್ಡ್ ಎಂಬ ಸರ್ಜನ್ 1882ರಲ್ಲೇ ಅದನ್ನು ಬರೆದಿಟ್ಟಿದ್ದಾರೆ. ಒಂದನ್ನು ಇನ್ನೊಂದು ಎಂದುಕೊಳ್ಳುವ ಗೊಂದಲ ಅಂದಿನಿಂದ ಇಂದಿನವರೆಗೂ ನಡೆದುಕೊಂಡು ಬಂದಿದೆ.

ಈಗ ಮುರಿತಕ್ಕೆ ಬರೋಣ.

ಅಡಕತ್ತರಿಯ ಎರಡು ತೋಳಿನ ನಡುವೆ ಅಡಿಕೆ ಕೂತಿರುತ್ತದಲ್ವಾ, ಪಾದದ ಗಂಟು ಹೆಚ್ಚುಕಡಿಮೆ ಹಾಗೆಯೇ. ಒಳಗಿನ ತೋಳು ಟಿಬಿಯಾ ಎಂಬ ದಪ್ಪ ಮೂಳೆಯ ತುದಿ, ಅದನ್ನು ಒಳಗಂಟು ಎಂದು ಕರೆಯೋಣ. ಹೊರಗಿನ ತೋಳು ಫಿಬುಲಾ ಎಂಬ ತೆಳು ಮೂಳೆಯ ತುದಿ, ಅದು ಹೊರಗಂಟು. ನಡುವೆ ಕೂತಿರುವ ಅಡಿಕೆ ಎಂದರೆ ಟೇಲಸ್. ಈ ಅಡಿಕೆ ಅಲುಗದೆ ನಡುಮಧ್ಯ ಕೂತಿದ್ದರೆ ಗಂಟು ಭದ್ರ. 1976ರಲ್ಲಿ ರ್‍ಯಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬಿಬ್ಬರು ಶವದ ಕಾಲುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಟೇಲಸ್ ಬರೀ 1 ಮಿಲಿಮೀಟರ್ ಹೊರಕ್ಕೆ ಜರುಗಿದರೆ ಮೂಳೆಗೆ ಮೂಳೆ ತಾಗುವ ಜಾಗ ಸರಾಸರಿ ಶೇ 42ರಷ್ಟು ಕಡಿಮೆಯಾಗುತ್ತದೆ. ಅಂದರೆ ಅಷ್ಟೇ ಭಾರ ಸಣ್ಣ ಜಾಗದ ಮೇಲೆ ಬೀಳುತ್ತದೆ, ಮೆದು ಎಲುಬು ಬೇಗ ಸವೆಯುತ್ತದೆ. ಹಾಗಾಗಿ ನಾವು ಮೂಳೆ ಡಾಕ್ಟರುಗಳು ಮುರಿದ ಗೆರೆಗಿಂತ ಜಾಸ್ತಿ ಆ ಅಡಿಕೆ ಎಲ್ಲಿ ಕೂತಿದೆ ಎಂದು ನೋಡುತ್ತೇವೆ.

ನಿಮ್ಮ ಹೊರಗಂಟು ಮುರಿದಿರುವುದು ಗಂಟಿನ ಸಂದಿನ ಮಟ್ಟದಲ್ಲಿ, ಓರೆಯಾಗಿ. ಇದನ್ನು ವೆಬರ್ ಬಿ ಎನ್ನುತ್ತಾರೆ. ಸಂದಿಗಿಂತ ಕೆಳಗೆ ಮುರಿದರೆ ಎ, ಅದು ಸಾಮಾನ್ಯವಾಗಿ ಪಾಪದ್ದು, ಪಟ್ಟಿ ಅಥವಾ ಬೂಟಿನಲ್ಲಿ ವಾಸಿಯಾಗುತ್ತದೆ. ಮೇಲೆ ಮುರಿದರೆ ಸಿ, ಎರಡು ಮೂಳೆಗಳನ್ನು ಕಟ್ಟಿಹಿಡಿದ ಲಿಗಮೆಂಟು ಹರಿದಿರುವ ಸಂಭವ ಜಾಸ್ತಿ, ಹೆಚ್ಚಾಗಿ ಆಪರೇಷನ್ ಬೇಕಾಗುತ್ತದೆ. ಬಿ ಮಾತ್ರ ನಡುವಿನದು. ಕೆಲವು ಭದ್ರ, ಕೆಲವು ಅಲ್ಲ. ಯಾವುದು ಎಂದು ತೀರ್ಮಾನ ಮಾಡುವುದು ಹೊರಬದಿ ಅಲ್ಲ, ಒಳಬದಿ.

ಒಳಗಂಟಿನಿಂದ ಟೇಲಸ್‌ಗೆ ಬೀಸಣಿಗೆಯ ಹಾಗೆ ಹರಡಿದ ಒಂದು ಗಟ್ಟಿ ಲಿಗಮೆಂಟು ಇದೆ, ಹೆಸರು ಡೆಲ್ಟಾಯ್ಡ್. ಹೊರಗಿನ ಮೂಳೆ ಮುರಿದು ಡೆಲ್ಟಾಯ್ಡ್ ಗಟ್ಟಿ ಇದ್ದರೆ ಅಡಿಕೆ ಜರುಗುವುದಿಲ್ಲ, ಆಪರೇಷನ್ ಬೇಡ. ಡೆಲ್ಟಾಯ್ಡ್ ಪೂರ್ತಿ ಹರಿದಿದ್ದರೆ ಎರಡೂ ತೋಳು ಸಡಿಲವಾದ ಹಾಗೆ. ಆಗ ಪ್ಲೇಟು ಸ್ಕ್ರೂ ಹಾಕಬೇಕಾಗಬಹುದು. ಹೊರಗಂಟು ಮುರಿದು ಬಂದವರ ಒಳಬದಿಯನ್ನು ಒತ್ತಿ ನೋಡುವುದು ಇದಕ್ಕೇ.

ನಿಮ್ಮಂಥವರಲ್ಲಿ ಯಡವಟ್ಟಾಗುವುದು ಇಲ್ಲೇ. ಹೆಚ್ಚಿನ ಮೂಳೆ ಇರುವುದೂ ಒಳಬದಿಯಲ್ಲಿ. ಕಾಲು ತಿರುಚಿದಾಗ ಅದರ ಮೆದು ಪಟ್ಟಿಗೆ ಪೆಟ್ಟಾಗಿದ್ದರೆ ಅಲ್ಲೂ ನೋವು, ಅಲ್ಲೂ ಊತ. ಒತ್ತಿದವರು ‘ಒಳಗಡೆ ನೋವಿದೆ, ಡೆಲ್ಟಾಯ್ಡ್ ಹೋಗಿದೆ’ ಎಂದುಕೊಂಡರೆ ಬೇಡದ ಆಪರೇಷನ್ ಆಗಬಹುದು. ‘ಆ ನೋವು ಹೆಚ್ಚಿನ ಮೂಳೆಯದು ಬಿಡಿ’ ಎಂದು ಸುಮ್ಮನಾದರೆ ಹರಿದ ಲಿಗಮೆಂಟು ತಪ್ಪಿಹೋಗಬಹುದು. ಎರಡೂ ಆಗುತ್ತವೆ. ಎರಡನೆಯದು ಜಾಸ್ತಿ ಕೆಟ್ಟದ್ದು.

ಬೇಕಾದರೆ ಪ್ಲಾಸ್ಟರ್ ಇಲ್ಲದ ಎಡಗಾಲಿನಲ್ಲಿ ಬೆರಳಿಟ್ಟು ನೋಡಿ. ಒಳಗಂಟಿನ ಉಬ್ಬಿನ ತುದಿ ಸಿಗುತ್ತದಲ್ಲ, ಅದರ ಕೆಳಗೇ ಒಂದು ತಗ್ಗು. ಅದು ಡೆಲ್ಟಾಯ್ಡ್ ಜಾಗ. ಅಲ್ಲಿಂದ ಹೆಬ್ಬೆರಳ ದಿಕ್ಕಿಗೆ, ಸ್ವಲ್ಪ ಕೆಳಕ್ಕೆ, ಎರಡು ಬೆರಳಿನ ಅಗಲ ಮುಂದೆ ಬನ್ನಿ. ಇನ್ನೊಂದು ಗುಬುಟು ಸಿಗುತ್ತದೆ. ಅದು ನ್ಯಾವಿಕ್ಯುಲರ್. ಈ ಎರಡು ಜಾಗಕ್ಕೆ ಎರಡೇ ಬೆರಳಿನ ದೂರ. ಊದಿದ ಕಾಲಿನಲ್ಲಿ ಅಂಗೈಯಿಂದ ಒತ್ತಿದರೆ ಎರಡೂ ಒಂದೇ. ಒಂದೇ ಬೆರಳ ತುದಿಯಿಂದ, ನಿಧಾನವಾಗಿ ಒತ್ತಿದರೆ ಮಾತ್ರ ಬೇರೆ ಬೇರೆ. ನಾನು ಇನ್ನೊಂದು ಕೆಲಸ ಮಾಡುತ್ತೇನೆ. ರೋಗಿಯ ಕೈಯಲ್ಲೇ ಪೆನ್ನು ಕೊಟ್ಟು ‘ಜಾಸ್ತಿ ನೋವಿರುವ ಜಾಗಕ್ಕೆ ಒಂದು ಚುಕ್ಕಿ ಇಡಿ’ ಎನ್ನುತ್ತೇನೆ. ಎಷ್ಟೋ ಸಲ ಸ್ಕ್ಯಾನ್‌ಗಿಂತ ಮೊದಲು ಆ ಚುಕ್ಕಿಯೇ ದಾರಿ ತೋರಿಸುತ್ತದೆ.

ಹಾಗೆಂದು ಬೆರಳ ತುದಿಯನ್ನೇ ನಂಬಿ ಕೂರುವುದಕ್ಕೂ ಆಗುವುದಿಲ್ಲ. ಒಳಬದಿ ಒತ್ತಿದರೆ ನೋವಿದ್ದೂ ಗಂಟು ಭದ್ರವಾಗಿರುವವರು ಇದ್ದಾರೆ, ಅಷ್ಟೇನೂ ನೋವಿಲ್ಲದೆ ಸಡಿಲವಾಗಿರುವವರೂ ಇದ್ದಾರೆ. ನಿಮ್ಮ ರಿಪೋರ್ಟಿನಲ್ಲಿ ಒಳಗಂಟು ಮತ್ತು ಟೇಲಸ್ ನಡುವಿನ ಸಂದು 3 ಮಿಲಿಮೀಟರ್ ಎಂದಿದೆ. 4ರ ಒಳಗಿದ್ದು, ಟೇಲಸ್‌ನ ಮೇಲಿನ ಸಂದಿಗೆ ಸಮನಾಗಿದ್ದರೆ ಒಳ್ಳೆಯದು. ಆದರೆ ಆ ಎಕ್ಸ್‌ರೇ ನೀವು ಮಲಗಿದ್ದಾಗ ತೆಗೆದದ್ದು. ಮಲಗಿದ ಕಾಲು ಸುಳ್ಳು ಹೇಳಬಹುದು. ಈಗ ಊತ ಇಳಿದಿದೆ ಎಂದಿದ್ದೀರಿ. ಹಾಗಾಗಿ ಅರ್ಧ ಪ್ಲಾಸ್ಟರ್ ಬಿಚ್ಚಿಸಿ, ಕೈಯಲ್ಲಿ ಏನಾದರೂ ಹಿಡಿದು, ಸಹಿಸುವಷ್ಟು ಭಾರ ಹಾಕಿ ನಿಂತು ಇನ್ನೊಂದು ಎಕ್ಸ್‌ರೇ ತೆಗೆಸಿ. ಇದನ್ನು ನಿಮ್ಮ ಡಾಕ್ಟರ ಹತ್ತಿರ ನೀವೇ ಕೇಳಿ, ‘ನಿಂತು ತೆಗೆಯುವ ಎಕ್ಸ್‌ರೇ ಆಗಬಹುದಾ’ ಎಂದು. ಇದಕ್ಕೆ ದೊಡ್ಡ ಮಷಿನ್ ಬೇಡ, ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ಎಂಆರ್‌ಐಗೆಂದು ಈ ಮಳೆಯಲ್ಲಿ ಘಟ್ಟ ಇಳಿದು ಮಣಿಪಾಲಕ್ಕೆ ಹೋಗುವ ಅಗತ್ಯ ಈಗಂತೂ ಇಲ್ಲ.

ನಿಂತಾಗಲೂ ಆ ಸಂದು ಅಗಲವಾಗದೆ ಇದ್ದರೆ ಆಪರೇಷನ್ ಬೇಡ. ಅಗಲವಾದರೆ ಬೇಕಾಗುತ್ತದೆ, ಆಗ ಮೂರನೇ ಡಾಕ್ಟರ ಅರ್ಧ ಮಾತು ಸರಿ. ಎರಡೂ ದಾರಿ ಹೇಳುತ್ತೇನೆ.

ಆಪರೇಷನ್ ಇಲ್ಲದ ದಾರಿಯಲ್ಲಿ ಮೊಣಕಾಲ ಕೆಳಗಿನ ಪ್ಲಾಸ್ಟರ್ ಅಥವಾ ಬಿಚ್ಚಿ ಹಾಕುವ ಬೂಟು, ಒಟ್ಟು ಆರು ವಾರ. ಫಿನ್ಲೆಂಡಿನ ಔಲು ಎಂಬಲ್ಲಿ ಇಂಥ ಭದ್ರ ಮುರಿತದವರಿಗೆ ಮೂರು ವಾರಕ್ಕೇ ಪ್ಲಾಸ್ಟರ್ ತೆಗೆದು ನೋಡಿದರು, ಆರು ವಾರ ಹಾಕಿದವರಿಗಿಂತ ಫಲಿತಾಂಶ ಕಡಿಮೆ ಇರಲಿಲ್ಲ. 2019ರಲ್ಲಿ ಅದು ಪ್ರಕಟವಾಯಿತು. ಒಳ್ಳೆಯ ಅಧ್ಯಯನ. ಆದರೆ ಮಳೆಗಾಲದಲ್ಲಿ ತೋಟದ ಮನೆಯವರಿಗೆ ಮೂರು ವಾರಕ್ಕೆ ಬಿಚ್ಚುವುದಕ್ಕೆ ನನಗೆ ಧೈರ್ಯ ಸಾಲದು. ಜಾರುವ ಅಂಗಳ, ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕು, ಕೊಟ್ಟಿಗೆಯಲ್ಲಿ ದನ ಕೂಗಿದರೆ ನೀವು ಎದ್ದೇ ಏಳುತ್ತೀರಿ. ಪ್ಲಾಸ್ಟರ್ ಬರೀ ಮೂಳೆಗಲ್ಲ, ಮನೆಯವರಿಗೆ ‘ಇವಳಿಗೆ ಕೆಲಸ ಹೇಳಬೇಡಿ’ ಎನ್ನುವ ಬೋರ್ಡ್ ಕೂಡ.

ಹೆಚ್ಚಿನ ಮೂಳೆ ಇರುವವರಿಗೆ ಪ್ಲಾಸ್ಟರ್ ಹಾಕುವಾಗ ಒಂದು ಎಚ್ಚರ ಬೇಕು. ಆ ಗುಬುಟಿನ ಮೇಲೆ ಹತ್ತಿ ಒಂದು ಸುತ್ತು ಜಾಸ್ತಿ ಇಡಬೇಕು, ಕಮಾನಿನ ಜಾಗದಲ್ಲಿ ಪಾದವನ್ನು ಸ್ವಲ್ಪ ಎತ್ತಿ ಹಿಡಿದು ಅಚ್ಚು ಕೊಡಬೇಕು. ಇಲ್ಲದಿದ್ದರೆ ಒಳಗೊಳಗೇ ಒತ್ತಿ ಚರ್ಮ ಹುಣ್ಣಾಗುತ್ತದೆ. ಹಾಕುವವರಿಗೆ ‘ಇಲ್ಲಿ ಗುಬುಟಿದೆ’ ಎಂದು ಬೆರಳಿಟ್ಟು ತೋರಿಸಿ. ಪ್ಲಾಸ್ಟರ್ ಹಾಕಿದ ಮೇಲೆ ಅದೇ ಒಂದು ಜಾಗದಲ್ಲಿ ಉರಿ ಶುರುವಾದರೆ ತಡೆದುಕೊಳ್ಳುವುದು ದೊಡ್ಡಸ್ತಿಕೆಯಲ್ಲ, ಹೋಗಿ ಕಿಟಕಿ ಕೊಯ್ಸಿಕೊಂಡು ಬನ್ನಿ.

ನಮ್ಮ ಮಳೆಗಾಲದ ಇನ್ನೊಂದು ಪಾಡು ಒದ್ದೆ ಪ್ಲಾಸ್ಟರ್. ಒಬ್ಬರು ಒದ್ದೆಯಾದ ಪ್ಲಾಸ್ಟರನ್ನು ಬಚ್ಚಲ ಒಲೆಯ ಬಾಯಿಗೆ ಹಿಡಿದು ಒಣಗಿಸಿಕೊಂಡಿದ್ದರು. ಹೊರಗೆ ಒಣಗಿತ್ತು, ಒಳಗೆ ಚರ್ಮ ಬೆಂದು ಬೊಬ್ಬೆ. ಇನ್ನೊಬ್ಬರು ತುರಿಕೆಗೆ ಹಿಡಿಕಡ್ಡಿ ತೂರಿಸಿ, ಅದು ಒಳಗೇ ಮುರಿದು, ವಾರದ ಮೇಲೆ ವಾಸನೆ ಬಂದಾಗ ಬಂದರು. ಒದ್ದೆಯಾದರೆ ಬದಲಾಯಿಸಿಕೊಳ್ಳಬೇಕು, ಬೇರೆ ಉಪಾಯವಿಲ್ಲ. ಬೆರಳು ನೀಲಿಯಾದರೆ, ಮರಗಟ್ಟಿದರೆ, ಕಾಲು ಎತ್ತಿಟ್ಟು ಮಾತ್ರೆ ತಗೊಂಡರೂ ನೋವು ಏರುತ್ತಲೇ ಹೋದರೆ ರಾತ್ರಿಯಾದರೂ ಹೊರಡಿ. ಮೀನಖಂಡದಲ್ಲಿ ಹೊಸದಾಗಿ ಬಿಗಿತ, ನೋವು, ಅಥವಾ ಇದ್ದಕ್ಕಿದ್ದಂತೆ ಏದುಸಿರು ಬಂದರೂ ಅಷ್ಟೇ. ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಆಗಿರಬಹುದು.

ಆಪರೇಷನ್ ಬೇಕೇ ಆಯಿತು ಎಂದುಕೊಳ್ಳಿ. ಹೊರಬದಿಯಲ್ಲಿ ಕೊಯ್ದು ಫಿಬುಲಾಕ್ಕೆ ಪ್ಲೇಟು, ಸ್ಕ್ರೂ ಹಾಕುತ್ತಾರೆ. ನಮ್ಮ ಕಡೆ ಎಲ್ಲದಕ್ಕೂ ‘ರಾಡು ಹಾಕಿದಾರೆ’ ಎನ್ನುವುದು ರೂಢಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ಇದು ದಿನನಿತ್ಯದ ಕೆಲಸ. ‘ಹೇಗೂ ಅರಿವಳಿಕೆ ಕೊಟ್ಟಿರುತ್ತಾರೆ, ಅದರಲ್ಲೇ ಹೆಚ್ಚಿನ ಮೂಳೆಯನ್ನೂ ತೆಗೆದರೆ ಒಂದೇ ಖರ್ಚು’ ಎಂಬ ಲೆಕ್ಕ ಕೇಳುವುದಕ್ಕೆ ಚೆನ್ನಾಗಿದೆ. ನಾನು ಒಪ್ಪುವುದಿಲ್ಲ. ಯಾಕೆಂದರೆ ಆ ಮೂಳೆ ಕಲ್ಲು ಹೆಕ್ಕಿದ ಹಾಗೆ ಹೆಕ್ಕಿ ತೆಗೆಯುವಂಥದ್ದಲ್ಲ. ಪಾದದ ಕಮಾನನ್ನು ಎತ್ತಿಹಿಡಿಯುವ ಮುಖ್ಯ ಟೆಂಡನ್, ಟಿಬಿಯಾಲಿಸ್ ಪೋಸ್ಟೀರಿಯರ್, ಬಂದು ಕಚ್ಚಿಕೊಳ್ಳುವುದೇ ಅದರ ಮೇಲೆ. ಮೂಳೆ ತೆಗೆಯಬೇಕಾದರೆ ಟೆಂಡನ್ ಬಿಡಿಸಿ, ಮತ್ತೆ ದೊಡ್ಡ ಮೂಳೆಗೆ ಹೊಲಿದು ಕೂರಿಸಬೇಕು. ಆಮೇಲೆ ನಾಲ್ಕರಿಂದ ಆರು ವಾರ ಅದಕ್ಕೇ ಬೇರೆ ಪ್ಲಾಸ್ಟರ್, ಪೂರ್ತಿ ಸುಧಾರಿಸಲು ಹಲವು ತಿಂಗಳು. ಪೆಟ್ಟು ಬಿದ್ದು ಊದಿದ ಪಾದದಲ್ಲಿ ಎರಡೂ ಬದಿ ಕೊಯ್ದರೆ ಗಾಯ ಮಾಗುವುದೂ ಕಷ್ಟ. ಇಷ್ಟೆಲ್ಲ ಮಾಡಿ ತೆಗೆದದ್ದು ನಿಮಗೆ ಬೀಳುವ ಹಿಂದಿನ ದಿನದವರೆಗೆ ಒಂದು ದಿನವೂ ನೋಯದ ಮೂಳೆ.

ಕಿಡ್ನರ್ ಎಂಬ ಅಮೆರಿಕದ ವೈದ್ಯರು 1929ರಲ್ಲಿ ಈ ಹೆಚ್ಚಿನ ಮೂಳೆಯಿಂದಲೇ ಪಾದ ಚಪ್ಪಟೆಯಾಗುತ್ತದೆ ಎಂದು ವಾದಿಸಿ, ಅದನ್ನು ತೆಗೆದು ಟೆಂಡನ್ ದಾರಿ ಬದಲಿಸುವ ವಿಧಾನ ಹೇಳಿದರು. ಆ ಆಪರೇಷನ್ ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ಚಪ್ಪಟೆ ಪಾದಕ್ಕೆ ಇದೇ ಕಾರಣ ಎಂಬ ಮಾತನ್ನು ಆಮೇಲಿನವರು ಅಷ್ಟಾಗಿ ಒಪ್ಪಲಿಲ್ಲ. ಹೆಚ್ಚಿನ ಮೂಳೆ ಇದ್ದೂ ಒಳ್ಳೆಯ ಕಮಾನು ಇರುವವರು ಬೇಕಾದಷ್ಟು ಜನ ಇದ್ದಾರೆ.

ಒಂದೇ ಒಂದು ಸಂದರ್ಭ ಬೇರೆ. ಬಿದ್ದ ರಭಸಕ್ಕೆ ಆ ಮೆದು ಪಟ್ಟಿ ಪೂರ್ತಿ ಕಿತ್ತು, ಚೂರು ಟೆಂಡನ್ ಸಮೇತ ಹಿಂದಕ್ಕೆ ಎಳೆದುಕೊಂಡು ಹೋಗಿದ್ದರೆ ಕಮಾನು ಕುಸಿಯುತ್ತದೆ. ಅದನ್ನು ಬೇಗ ಸರಿಪಡಿಸಬೇಕು. ಇದು ಅಪರೂಪ. ಎಕ್ಸ್‌ರೇಯಲ್ಲಿ ಚೂರು ದೂರ ಸರಿದಿರುವುದು ಕಾಣುತ್ತದೆ. ನಿಮ್ಮ ಚಿತ್ರದಲ್ಲಿ ಅದು ದೊಡ್ಡ ಮೂಳೆಗೆ ಒತ್ತಿಕೊಂಡೇ ಇದೆ.

ಹಾಗಾದರೆ ಒಳಬದಿ ನೋವಿಗೆ ಏನು? ಹೊರಗಂಟಿಗೆ ಹಾಕುವ ಪ್ಲಾಸ್ಟರೇ ಅದಕ್ಕೂ ಔಷಧಿ. ಮೆದು ಪಟ್ಟಿಗೆ ಪೆಟ್ಟಾಗಿದ್ದರೆ ಆರು ವಾರ ಅಲುಗಾಡದೆ ಇದ್ದರೆ ಸಾಮಾನ್ಯವಾಗಿ ತಣ್ಣಗಾಗುತ್ತದೆ. ಪ್ಲಾಸ್ಟರ್ ತೆಗೆದ ಮೇಲೆ ಕಮಾನಿಗೆ ಆಸರೆ ಕೊಡುವ ಇನ್ಸೋಲ್ ಹಾಕಿಕೊಳ್ಳಿ. ಹಳೇ ಸೈಕಲ್ ಟ್ಯೂಬಿನ ಒಂದು ತುಂಡನ್ನು ಮಂಚದ ಕಾಲಿಗೆ ಕಟ್ಟಿ, ಅದರೊಳಗೆ ಮುಂಗಾಲು ತೂರಿಸಿ, ಪಾದವನ್ನು ನಿಧಾನವಾಗಿ ಒಳಕ್ಕೆ ಎಳೆಯುವ ವ್ಯಾಯಾಮ ಮಾಡಿ. ಅದು ಆ ಟೆಂಡನ್‌ಗೆ ಬಲ ಕೊಡುತ್ತದೆ. ಯಾವಾಗ ಶುರು ಮಾಡಬೇಕು ಎಂದು ಫಿಸಿಯೋದವರು ಹೇಳಲಿ. ಮೂರು ತಿಂಗಳಾದರೂ ಅದೇ ಚುಕ್ಕಿ ಇಟ್ಟ ಜಾಗ ನೋಯುತ್ತಿದ್ದರೆ, ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಲು ಆಗದಿದ್ದರೆ, ಆಗ ಎಂಆರ್‌ಐಗೆ ಅರ್ಥವಿದೆ. ಆಗಲೂ ಮೊದಲು ಇನ್ನೊಂದು ಸುತ್ತು ಬೂಟು, ಇನ್ಸೋಲ್. ಆರು ತಿಂಗಳಿಗೂ ಬಗ್ಗದಿದ್ದರೆ ಮೂಳೆ ತೆಗೆಯುವ ಮಾತು. ಆಗ ಮಾಡಿದರೆ ಚೆನ್ನಾಗಿಯೇ ಆಗುತ್ತದೆ, ಹೆಚ್ಚಿನವರಿಗೆ ನೋವು ಹೋಗುತ್ತದೆ.

ನಾಟಿ ಕಟ್ಟಿನ ಬಗ್ಗೆ ನೀವು ಕೇಳಿಲ್ಲ, ಆದರೆ ಅತ್ತೆ ಹೇಳಿಯೇ ಇರುತ್ತಾರೆ. ಕೈತುದಿಯ ಸಣ್ಣ ಬಿರುಕಿಗೆ ಕಟ್ಟಿದ್ದು ವಾಸಿಯಾದದ್ದನ್ನು ನಾನೂ ಕಂಡಿದ್ದೇನೆ. ಪಾದದ ಗಂಟಿನಲ್ಲಿ ಮಿಲಿಮೀಟರ್ ಲೆಕ್ಕ ಎಂದು ಮೇಲೆ ಹೇಳಿದೆ. ಎಣ್ಣೆ ಹಚ್ಚಿ ಎಳೆದು ನೀವಿದರೆ ಭದ್ರವಾಗಿದ್ದ ಮುರಿತವೂ ಜರುಗುತ್ತದೆ. ಅದರಲ್ಲೂ ಆ ಗುಬುಟನ್ನು ‘ಎಲುಬು ಜಾರಿದೆ, ಕೂರಿಸುತ್ತೇನೆ’ ಎಂದು ಒತ್ತುವವರು ಇದ್ದಾರೆ. ಅದು ಜಾರಿಲ್ಲ. ಅದರ ಜಾಗವೇ ಅದು.

ಚೌತಿ ವಿಷಯ. ನೀವು ಬಿದ್ದ ದಿನದಿಂದ ಆರು ವಾರ ಲೆಕ್ಕ ಹಾಕಿ. ಎಲ್ಲ ಸರಿ ಇದ್ದರೆ ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಹೆಚ್ಚುಕಡಿಮೆ ಹಬ್ಬ ಬರುತ್ತದೆ. ಕುರ್ಚಿಯಲ್ಲಿ ಕೂತು ಕಡುಬಿನ ಹಿಟ್ಟು ನಾದಬಹುದು, ತೆಂಗಿನಕಾಯಿ ತುರಿಯಬಹುದು. ಒಲೆ ಮುಂದೆ ಬೆಳಗಿನಿಂದ ನಿಂತು ಇಡೀ ಊರಿಗೆ ಬಡಿಸುವುದು ಈ ವರ್ಷ ಬೇಡ. ನಿಂತಷ್ಟು ಹೊತ್ತು ಕಾಲು ಊದುತ್ತದೆ, ಸಂಜೆಗೆ ಚಪ್ಪಲಿ ಹಿಡಿಸುವುದಿಲ್ಲ. ಆ ಊತ ನಾಲ್ಕಾರು ತಿಂಗಳು ಬಂದು ಹೋಗುತ್ತದೆ, ಹೆದರಬೇಡಿ. ಸ್ಕೂಟಿ ಓಡಿಸುವವರಾದರೆ ಬ್ರೇಕು ಕೈಯಲ್ಲಿದೆ ನಿಜ, ಆದರೆ ಗಾಡಿ ವಾಲಿದಾಗ ಊರುವುದು ಕಾಲನ್ನೇ. ಕಾರಿನ ಬ್ರೇಕು ಬಲಗಾಲಿನದು. ಬಲಗಂಟಿನ ಆಪರೇಷನ್ ಆದವರಿಗೆ ಬ್ರೇಕ್ ಒತ್ತುವ ಚುರುಕು ಮೊದಲಿನಂತಾಗಲು ಸುಮಾರು 9 ವಾರ ಹಿಡಿಯುತ್ತದೆ. ಇನ್ನು ಕೊಯ್ಲು. ಅಡಿಕೆ ಸುಲಿಯುವುದು ಕೂತು ಮಾಡುವ ಕೆಲಸ, ಕಾಲಿಗೇನು ತೊಂದರೆ ಎನಿಸಬಹುದು. ಮೆಟ್ಟುಗತ್ತಿಯನ್ನು ಮೆಟ್ಟಿ ಕೂರಬೇಕು, ಗಂಟು ಪೂರ್ತಿ ಮಡಚಬೇಕು. ಕೊಯ್ಲಿನ ಮೊದಲ ಒಂದೆರಡು ಸುತ್ತಿನ ಅಡಿಕೆ ಬೇರೆಯವರು ಸುಲಿಯಲಿ, ಅಥವಾ ಎಡಗಾಲಲ್ಲಿ ಮೆಟ್ಟುವುದಕ್ಕೆ ಆಗುತ್ತದಾ ನೋಡಿ.

ಊಟದಲ್ಲಿ ವಿಶೇಷ ಪಥ್ಯ ಏನಿಲ್ಲ. ಹುಳಿ ತಿಂದರೆ ಮೂಳೆ ಕೂಡುವುದಿಲ್ಲ ಎಂಬುದು ಸುಳ್ಳು. ಹಾಲು ಮೊಸರು, ರಾಗಿ, ಮೊಟ್ಟೆ ಮೀನು ತಿನ್ನುವವರಾದರೆ ಅವು. ರಾಗಿ 100 ಗ್ರಾಮಿನಲ್ಲಿ 300 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಆಗುಂಬೆ ಕಡೆಯ ಮಳೆಗಾಲದಲ್ಲಿ ಸೂರ್ಯನ ಮುಖ ಕಾಣುವುದೇ ಕಷ್ಟ, ವಿಟಮಿನ್ ಡಿ ಕಡಿಮೆ ಇದೆಯಾ ಎಂದು ಒಮ್ಮೆ ನೋಡಿಸಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಅಂಥವರಿಗೆ ಎಲ್ಲ ಲೆಕ್ಕವೂ ಉದ್ದವಾಗುತ್ತದೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಇದ್ದರೆ ಮೂಳೆ ಕೂಡುವವರೆಗಾದರೂ ಬಿಡಿ.

ಇನ್ನು ಮಗಳು. ಈ ಮೂಳೆ ಮನೆತನದಲ್ಲಿ ಬರುತ್ತದೆ, ನಿಮ್ಮಿಂದ ಅವಳಿಗೆ ಬಂದಿರಬೇಕು. ಅದು ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳುವುದೇ ಹತ್ತರ ಆಸುಪಾಸಿನಲ್ಲಿ, ತೊಂದರೆ ಕೊಟ್ಟರೆ ಕೊಡುವುದೂ ಆ ವಯಸ್ಸಿನ ಹುಡುಗಿಯರಿಗೇ ಜಾಸ್ತಿ. ನೋವಿಲ್ಲದಿದ್ದರೆ ಎಕ್ಸ್‌ರೇಯೂ ಬೇಡ. ಖೋಖೋ ಆಡಿ ಬಂದ ಸಂಜೆ ಆ ಜಾಗ ಕೆಂಪಗಾಗಿ ನೋಯುತ್ತಿದ್ದರೆ ಕೆಲವು ವಾರ ಓಟ ಕಡಿಮೆ ಮಾಡಿ, ಇನ್ಸೋಲ್ ಹಾಕಿಸಿ. ಬೆಳವಣಿಗೆ ಮುಗಿಯುವ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ತಾನಾಗಿ ಹೋಗುತ್ತದೆ. ಅವಳ ಶಾಲೆಯ ಕಪ್ಪು ಶೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ಒಳಬದಿಯ ಹೊಲಿಗೆ ಸರಿಯಾಗಿ ಆ ಗುಬುಟಿನ ಮೇಲೇ ಬರುತ್ತಿರಬಹುದು. ಬಸ್‌ಸ್ಟ್ಯಾಂಡ್ ಹತ್ತಿರ ಕೂರುವ ಚಪ್ಪಲಿ ಹೊಲಿಯುವವರಿಗೆ ಕೊಟ್ಟರೆ ಆ ಜಾಗವನ್ನು ಒಳಗಿನಿಂದ ತಟ್ಟಿ ಸಡಿಲ ಮಾಡಿಕೊಡುತ್ತಾರೆ. ಹೊಸದು ತರುವುದಾದರೆ ಸಂಜೆ ಹೊತ್ತು, ಪಾದ ಸ್ವಲ್ಪ ಊದಿದಾಗ ಅವಳನ್ನೂ ಕರೆದುಕೊಂಡು ಹೋಗಿ ಹಾಕಿಸಿ ನೋಡಿ.